ಟ್ರಂಪೆಟ್ಟಿಗೊಂದು ಕುಲಾವಿ

ಹೋದ ವಾರ ಹುನಗುಂದದಲ್ಲಿ ನನ್ನ ಅಕ್ಕನ ಮಗಳ ಮದುವೆ ನಡುದಾರಿಯಲ್ಲೇ ನಿಂತುಬಿಟ್ಟಿತ್ತು. ಬಂಗಾರಕ್ಕಲ್ಲ, ಊಟಕ್ಕಲ್ಲ. ಒಂದು ಕುಲಾವಿಗೆ.

(ಹೌದು, ಕೂಸಿನ ತಲೆಗೆ ಹಾಕುವ ಕುಲಾವಿಯೇ. ಆದರೆ ಹಾಕಿದ್ದು ಟ್ರಂಪೆಟ್ಟಿಗೆ.)

ಹಿಂದೆ ಯುರೋಪಿನ ಯಾರೋ ಪುಣ್ಯಾತ್ಮ ಟ್ರಂಪೆಟ್ಟಿಗೆ ಒತ್ತುವ ಗುಂಡಿ ಕೂಡಿಸಿ ದೊಡ್ಡ ಹೆಸರು ಮಾಡಿದನಂತೆ. ಮಾಡಲಿ. ಆದರೆ ಮೇ ತಿಂಗಳ ಮಟಮಟ ಮಧ್ಯಾಹ್ನ ಹುನಗುಂದದ ಡಾಂಬರ್ ರಸ್ತೆಯಲ್ಲಿ ನಿಂತು ಅವನು ಊದಿದ್ದನೇ? ಇಲ್ಲಿ ಹಿತ್ತಾಳೆ ರೊಟ್ಟಿ ಹಂಚಿನಂತೆ ಕಾಯುತ್ತದೆ. ಅದಕ್ಕೆ ತುಟಿ ಇಡಬೇಕು.

ಇಳಕಲ್ಲಿನ ಬ್ಯಾಂಡ್ ಮಾಸ್ತರ್ ಇಮಾಮಸಾಬರ ಟ್ರಂಪೆಟ್ಟಿಗೆ ಸೀರೆ ಅಂಚಿನ ಚೂರುಗಳಿಂದ ಹೊಲಿದ ಅಂಗಿ ಇತ್ತು. ಊದುವ ತುದಿಗೆ ಒದ್ದೆ ಕುಲಾವಿ. ಊದುವಾಗ ತೆಗೆಯುವುದು, ನಿಲ್ಲಿಸಿದ ಕೂಡಲೇ ತೊಡಿಸುವುದು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ವರನ ಮೆರವಣಿಗೆ ಹೊರಡುವಾಗ ಇದನ್ನು ನೋಡಿ ಸಿಡಿದರು.

"ಏನ್ರಿ ಮಾಸ್ತರ, ಟ್ರಂಪೆಟ್ಟಿಗೆ ಬಾಣಂತನ ನಡದೈತೇನು? ತಗೀರಿ ಅದನ್ನ! ವಿಡಿಯೋದಾಗ ಹಿತ್ತಾಳಿ ಮಿಂಚಬೇಕು."

"ಬಿಸಲಿಗೆ ಕಾಯ್ತೈತ್ರಿ ಸಾಹೇಬ್ರ."

"ಬೀಗರು ನೋಡಿದ್ರ ನಗತಾರ್ರೀ!"

ಮಾಸ್ತರ್ ತೆಗೆದರು. ಹಿತ್ತಾಳೆ ಭರ್ಜರಿ ಮಿಂಚಿತು. ಮೊದಲ ಹಾಡು ಮುಗಿಯಿತು. ಎರಡನೆಯದಕ್ಕೆ ತುಟಿ ಇಟ್ಟವರು "ಯಾ ಅಲ್ಲಾ" ಎಂದು ಕೂತೇಬಿಟ್ಟರು.

ಬ್ಯಾಂಡ್ ನಿಂತಿತು. ಬೀಗರೂ ನಿಂತರು. ವರನ ಸೋದರಮಾವ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತು, "ಸತ್ತಾಗೂ ಬ್ಯಾಂಡ್ ಇರತೈತ್ರಿ. ಮದಿವ್ಯಾಗ ಇಲ್ಲಂದ್ರ ಹ್ಯಾಂಗ? ನಾವು ಒಂದ್ ಹೆಜ್ಜಿ ಇಡೂದಿಲ್ಲ" ಎಂದರು. ಅತ್ತ ಮುಹೂರ್ತ ಮೀರುತ್ತಿದೆ, ಭಟ್ಟರು ಫೋನ್ ಮೇಲೆ ಫೋನ್. ಭಾವನ ಮುಖದಲ್ಲಿ ರಕ್ತವಿಲ್ಲ.

ಕಲ್ಯಾಣಮಂಟಪದಿಂದ ಅಕ್ಕನೇ ಓಡಿ ಬಂದಳು. "ನಿಮ್ಮ ಮಿಂಚು ಸಾಕ್ ಮಾಡ್ರಿ ಇನ್ನ!" ಎಂದು ಗಂಡನಿಗೆ ಹೇಳಿ, ಕುಲಾವಿಯನ್ನು ನೀರಲ್ಲಿ ಅದ್ದಿ ಟ್ರಂಪೆಟ್ಟಿಗೆ ತೊಡಿಸಿದಳು. ಎರಡೂ ಕಡೆಯ ಹಿರಿಯರು ಲಗ್ನಪತ್ರಿಕೆ ಹಿಡಿದು ಅದಕ್ಕೆ ಗಾಳಿ ಬೀಸಿದರು. (ವರನಿಗೆ ಯಾರೂ ಬೀಸಲಿಲ್ಲ.) ಮಾಸ್ತರ್ ಸುಟ್ಟ ತುಟಿಯಲ್ಲೇ ಮಂಟಪದವರೆಗೆ ಊದಿದರು.

ಮರುದಿನ ಇಳಕಲ್ಲಿಗೆ ಹೋಗಿ ಮಾಸ್ತರರನ್ನು ಮಾತಾಡಿಸಿದೆ. ಅವರು ಬಾತ ತುಟಿಯಲ್ಲಿ ಮೊಸರನ್ನ ತಿನ್ನುತ್ತಿದ್ದರು. ಕುಲಾವಿ ಕಂಡುಹಿಡಿದವರು ಅವರಲ್ಲವಂತೆ. ಅವರ ಹೆಂಡತಿ, ಮಗ್ಗದವರಿಗೆ ನೂಲು ಸುತ್ತಿಕೊಡುವ ಹಸೀನಾ.

"ಹ್ಯಾಂಗ ಹೊಳೀತ್ರಿ ನಿಮಗ?" ಎಂದೆ.

"ಮದಿವಿ ಸೀಜನ್‌ದಾಗ ದಿನಾ ತುಟಿ ಸುಟ್ಕೊಂಡು ಬರೂದು, ನನ್ನ ಸಾರಿಗೆ ಖಾರ ಅಂತ ಹೆಸರಿಡೂದು! ಖಾರ ಬಿಸಲಿಂದ್ರೀ, ನಂದಲ್ಲ."

ವಿಜ್ಞಾನ ಹೀಗೂ ಮುಂದುವರಿಯುತ್ತದೆ.

"ನಿಮಗ ಸನ್ಮಾನ ಮಾಡಬೇಕು" ಎಂದೆ.

"ಶಾಲು ಹೊದಸ್ತೀರೇನು? ಈ ಬಿಸಲಾಗ?" ಎಂದು ನಕ್ಕರು. ಆಮೇಲೆ ಗಂಡನ ತುಟಿ ನೋಡಿದರು. ನಗು ನಿಂತಿತು. "ಪೇಪರಿನ್ಯಾಗ ಬರೀತೀರಲ್ರಿ? ಇನ್ನೊಂದ್ ಮದಿವ್ಯಾಗ ಯಾರೂ ಅದನ್ನ ತಗಸದಂಗ ಬರೀರಿ. ಅಷ್ಟ ಸಾಕು."

ಬರೆದಿದ್ದೇನೆ. ನಮ್ಮ ಭಾವನಿಗೆ ಇನ್ನೊಬ್ಬ ಮಗಳಿದ್ದಾಳೆ. ಬರುವ ಬೇಸಿಗೆಗೇ ಮದುವೆ, ಇದೇ ಬ್ಯಾಂಡು.

ಭಾವಾ, ಓದಾಕತ್ತೀರಿಲ್ಲೋ?