ಪ್ಯೋ ಮಾನ್‌ಸಿಕ್ ನಾಲಿಗೆ ಬಿಗಿಹಿಡಿದ ಮದುವೆ

ಮೊಕ್ಪೋ ಬಂದರಿನ ಪ್ಯೋ ಮಾನ್‌ಸಿಕ್ ಮೂರು ಚುನಾವಣೆ ಸೋತು ನಾಲ್ಕನೆಯದರಲ್ಲಿ ಗೆದ್ದಿದ್ದ. ಕುರ್ಚಿ ಬಿಸಿಯಾಗುವ ಮೊದಲೇ ಸೇನಾಧಿಕಾರಿಗಳು ಸಂಸತ್ತಿಗೆ ಬೀಗ ಜಡಿದು, ಎಂಟು ವರ್ಷ ರಾಜಕೀಯ ಭಾಷಣ ಮಾಡಕೂಡದೆಂದು ಅವನಿಗೆ ಕಾಗದ ಕಳಿಸಿದರು. ಮಾತೇ ಉಸಿರಾಗಿದ್ದ ಮನುಷ್ಯ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೆಂಡತಿ ಹೆಚ್ಚುತ್ತಿದ್ದ ಮೂಲಂಗಿಗೂ ಸಂವಿಧಾನ ಬೋಧಿಸುತ್ತಿದ್ದ.

ಮದುವೆಗಳಿಗೆ ಮಾತ್ರ ತಡೆಯಿರಲಿಲ್ಲ. ವಧೂವರರಿಗೆ ನಾಲ್ಕು ಮಾತು ಹೇಳಿ ಮದುವೆ ನಡೆಸಿಕೊಡಲು ಒಬ್ಬ ಹಿರಿಯ ಬೇಕೇ ಬೇಕಲ್ಲ! ಅಂಥವನನ್ನು ಊರು 'ಮೇಷ್ಟ್ರೇ' ಎಂದು ಕರೆಯುತ್ತಿತ್ತು. ಪ್ಯೋ ಚುನಾವಣಾ ಪ್ರಚಾರದಲ್ಲಿ ಕೈ ಬೀಸಲು ತೊಡುತ್ತಿದ್ದ ಬಿಳಿ ಕೈಗವಸುಗಳನ್ನು ಹುಡುಕಿ ತೊಟ್ಟ. "ಬಂದೂಕು ತೋರಿಸಿ ಊಟ ಬಡಿಸು ಅನ್ನೋನು ಗಂಡನೇನ್ರಪ್ಪಾ?" ಎಂದರೆ ಸಭೆ ಗೊಳ್ಳೆನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಕು ಎಂಬ ಮಫ್ತಿ ಪೊಲೀಸ್ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಹೀಗಿರುವಾಗ ಮಿರಾನಳ ಮದುವೆ ಬಂತು. ಅವಳ ಅಣ್ಣ ಸಾಂಗ್‌ಹೋ, ಪ್ಯೋಗಾಗಿ ಗೋಡೆಗೋಡೆಗೆ ಪೋಸ್ಟರ್ ಅಂಟಿಸಿದವನು, ಸೈನ್ಯದ ವಿರುದ್ಧ ಕರಪತ್ರ ಹಂಚಿ ಜೈಲಿನಲ್ಲಿದ್ದ. ಮದುವೆಯ ಹಿಂದಿನ ದಿನ ಅವರ ತಾಯಿ ಒಣಮೀನಿನ ಕಟ್ಟು ಹಿಡಿದು ಪ್ಯೋನ ಮನೆಗೆ ಬಂದಳು.

"ಮೇಷ್ಟ್ರೇ, ನನ್ನ ಮಗನ ಹೆಸರೆತ್ತಬೇಡಿ. ಅಳಿಯ ಸರ್ಕಾರಿ ಶಾಲೇಲಿದಾನೆ. ಕೆಲಸ ಹೋಗ್ಬಿಡತ್ತೆ."

"ನನ್ನಿಂದಾನೇ ಅವನು ಒಳಗೆ ಹೋದ ಕಣಮ್ಮಾ. ನಾನೇ ಸುಮ್ನಿದ್ರೆ..."

"ಒಂದಿನ ಸುಮ್ನಿರಿ. ಮಗನ್ನ ಕೊಟ್ಟಿದೀನಿ, ಮಗಳನ್ನಾದ್ರೂ ಬಿಟ್ಬಿಡಿ."

ಆ ಮಾತು ನೇರ ಎದೆಗೆ ನಾಟಿತು. ಒಪ್ಪಿಕೊಂಡ.

ಮರುದಿನ ಕೈಗವಸು ತೊಟ್ಟು ವೇದಿಕೆ ಹತ್ತಿದ. ಸಾಂಗ್‌ಹೋನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿದ. ಮೂರೇ ನಿಮಿಷಕ್ಕೆ ಮಾತು ಮುಗಿಸಿದ.

"ಮೇಷ್ಟ್ರಿಗೆ ಹಸಿವೋ ಏನೋ, ಶಾವಿಗೆ ಸಾರು ಬಡಿಸ್ರಪ್ಪಾ!" ಎಂದು ಯಾರೋ ಕೂಗಿದರು. ಕು ಪುಸ್ತಕ ಮಡಚಿ ಜೇಬಿಗಿಟ್ಟ. ಪ್ಯೋಗೆ ತಾನು ಹೇಡಿ ಅನ್ನಿಸಿ ತಲೆಯೆತ್ತಲಾಗಲಿಲ್ಲ.

ಮನೆಯವರ ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತರು. ತಾಯಿಗೂ ಮಗಳಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು.

"ಅಮ್ಮಾ, ಮಗಳ ಪಕ್ಕಕ್ಕೆ ಬನ್ನಿ," ಎಂದ ಫೋಟೋದವನು.

ತಾಯಿ ಅಲುಗಲಿಲ್ಲ. "ಅದು ನನ್ನ ಮಗನ ಜಾಗ. ನೀವು ತೆಗೀರಿ."

ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವ ಅಳಿಯ ಮಿರಾನಳ ಕೈ ಹಿಡಿದು ಒಂದು ಹೆಜ್ಜೆ ಆಚೆಗೆ ಸರಿದು, ಆ ಜಾಗವನ್ನು ಇನ್ನಷ್ಟು ಅಗಲ ಮಾಡಿದ. ಹಾಗೆಯೇ ಫೋಟೋ ತೆಗೆದರು.

ಕು ಪುಸ್ತಕ ಮತ್ತೆ ತೆರೆದು ಪ್ಯೋನ ಬಳಿ ಬಂದ. ಪೆನ್ನಿನ ಮುಚ್ಚಳ ತೆಗೆದು ಕೇಳಿದ.

"ಮೇಷ್ಟ್ರೇ, ಏನಂತ ಬರೀಲಿ?"

"ಪ್ಯೋ ಮಾನ್‌ಸಿಕ್ ಏನೂ ಮಾತಾಡ್ಲಿಲ್ಲ ಅಂತ ಬರಿ," ಎಂದು ಅವನು ಬಿಳಿ ಕೈಗವಸು ಕಳಚಿ ಅದರಲ್ಲೇ ಕಣ್ಣೊರೆಸಿಕೊಂಡ.