ಬ್ಲಫ್ ಎಂಬ ಊರು, ಸಾರಿ ಎಂಬ ಮಾತು

ಆಡಲೇಬೇಕಾಗಿದ್ದ ಒಂದು ಮಾತನ್ನು ಆಡಬೇಕಾದ ಹೊತ್ತಿನಲ್ಲಿ ನಾನು ಆಡಲಿಲ್ಲ. ಆಗ ನನ್ನ ಬಾಯಲ್ಲಿ ಮದ್ದೂರು ವಡೆ ಇತ್ತು ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ವಡೆಯನ್ನು ತಿಂದವರಿಗೆ ಗೊತ್ತು, ಅದು ಉದ್ದಿನ ವಡೆಯ ಹಾಗೆ ಬಾಯಿಗಿಟ್ಟೊಡನೆ ಸೋತು ಶರಣಾಗುವ ಜಾತಿಯದಲ್ಲ. ಅಂಗೈಯಗಲಕ್ಕೆ ಚಪ್ಪಟೆಯಾಗಿ, ಈರುಳ್ಳಿಯನ್ನು ರವೆಯೊಳಗೆ ಬಿಗಿಯಾಗಿ ಅಪ್ಪಿಕೊಂಡು, ಹಲ್ಲಿಗೆ ದುಡಿಮೆ ಕೊಟ್ಟು, ನಾಲಗೆಯನ್ನು ಮೂಲೆಗೆ ಒತ್ತರಿಸಿ ಕೂರಿಸುವ ಕಟ್ಟಾಳು ಅದು. ಆದರೆ ಎಷ್ಟೇ ಗಟ್ಟಿಯಾದರೂ ಒಂದು ವಡೆ ವರ್ಷಗಟ್ಟಲೆ ಬಾಯಲ್ಲಿ ಉಳಿಯುತ್ತದೆಯೇ ಎಂದು ನೀವು ಕೇಳಬಹುದು.

ನಮ್ಮದು ಮಂಡ್ಯದ ಹತ್ತಿರದ ಹೊಳಲು. ನಾನು ಏಳನೇ ತರಗತಿಗೆ ಪುಸ್ತಕ ಮುಚ್ಚಿ ಗದ್ದೆಗಿಳಿದವನು. ನನ್ನ ತಂಗಿ ರತ್ನ ಹಾಗಲ್ಲ, ಸೀಮೆಎಣ್ಣೆಯ ಬುಡ್ಡಿಗೆ ಮುಂಗೂದಲು ಸುಟ್ಟುಕೊಂಡು ಎಸ್ಸೆಸ್ಸೆಲ್ಸಿ ದಾಟಿದವಳು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳಕವಾಡಿಯವರು ಅವಳನ್ನು ನೋಡಲು ಬಂದರು. ಹುಡುಗನಿಗೆ ಶಿವನಸಮುದ್ರದಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸ. ಅಲ್ಲಿನ ನೌಕರರು ವಾಸವಾಗಿರುವ ಊರಿಗೆ ಬ್ಲಫ್ ಎಂದು ಹೆಸರು. ಕರೆಂಟು ಹುಟ್ಟುವ ಜಾಗದಲ್ಲೇ ಸಂಸಾರ ಹೂಡುವುದೆಂದರೆ ರತ್ನಳಿಗೆ ದೀಪದ ತವರಿಗೇ ಸೊಸೆಯಾಗಿ ಹೋದಷ್ಟು ಸಂಭ್ರಮ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಬೆಳಗಿನಿಂದ ಎರಡು ಸಲ ಜಡೆ ಬಿಚ್ಚಿ ಹೆಣೆದುಕೊಂಡಿದ್ದಳು.

"ಹುಡ್ಗ ಎಲ್ಲವ್ನೆ ಅಂದ್ರಿ?" ಎಂದು ನಮ್ಮ ದೊಡ್ಡಪ್ಪ ಕೇಳಿದರು.

"ಬ್ಲಫ್ಫಲ್ಲವ್ನೆ," ಎಂದರು ಹುಡುಗನ ತಂದೆ.

ಮಂಡ್ಯದ ಹೋಟೆಲುಗಳಲ್ಲಿ ಕೂತು ಕೂತು ನಾನು ಹೆಕ್ಕಿಕೊಂಡಿದ್ದ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಅದೂ ಒಂದು. ಬ್ಲಫ್ ಹೊಡೆಯುವುದೆಂದರೆ ಸುಳ್ಳು ಬಿಡುವುದು. ಕೈಯಲ್ಲಿ ಅರ್ಧ ವಡೆ ಇತ್ತು, ತಲೆಯಲ್ಲಿ ಅರ್ಧ ವಿದ್ಯೆ. "ಊರು ಮಾತ್ರ ಬ್ಲಫ್ಫೋ, ಕೆಲ್ಸಾನೂ ಬ್ಲಫ್ಫೋ?" ಎಂದುಬಿಟ್ಟೆ.

ಜಗಲಿಯೆಲ್ಲ ನಕ್ಕಿತು. ಆ ಮನುಷ್ಯ ನಗಲಿಲ್ಲ. "ನನ್ ಮಗ ಸುಳ್ಳ ಅಂತೀಯೇನ್ಲಾ? ನಿಮ್ ಮನೆಗೆ ಕರೆಂಟೇ ಬಂದಿಲ್ಲ, ನಿಂಗ್ಯಾವ್ ಬ್ಲಫ್ ಗೊತ್ಲಾ?"

"ತಪ್ಪಾಯ್ತು ಅನ್ಲಾ, ಲೇ!" ಎಂದು ದೊಡ್ಡಪ್ಪ ಗದರಿದರು.

ವಡೆ ಬಾಯಲ್ಲಿತ್ತು ಎಂದೆನಲ್ಲ, ಈಗ ನಿಜ ಹೇಳುತ್ತೇನೆ: ದೊಡ್ಡಪ್ಪ ಗದರಿದ ಮೇಲೆ ಅದನ್ನು ಬಾಯಿಗೆ ತುರುಕಿಕೊಂಡೆ. ಅಗಿಯುತ್ತ ಕೂತೆ. ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಕಾಫಿ ಹಿಡಿದು ಬಾಗಿಲ ಹಿಂದೆ ನಿಂತಿದ್ದ ರತ್ನ ಲೋಟಗಳನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು.

ಅಷ್ಟಕ್ಕೇ ನಿಂತಿದ್ದರೆ ಅದು ಒಂದು ಕೆಟ್ಟ ತಮಾಷೆಯ ಕತೆಯಾಗುತ್ತಿತ್ತು. ಆದರೆ ಮಾರನೆಯ ದಿನದಿಂದ ಊರಿನಲ್ಲಿ ಬೇರೊಂದು ಮಾತು ಓಡಾಡತೊಡಗಿತು. "ಹೆಣ್ಗೆ ಬಾಯಿ ಜಾಸ್ತಿಯಂತೆ, ಅದ್ಕೇ ಎದ್ದೋದ್ರಂತೆ." ಟೀ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತವರು ಹಾಗೆಂದರು. ಬಾಯಿ ನನ್ನದು, ಹೆಸರು ಅವಳದು. ನಾನು ಟೀ ಆರಿಸಿಕೊಂಡು ಕುಡಿದು ಬಂದೆ. ಅವಳನ್ನು ನೋಡಲು ಬರಬೇಕಿದ್ದ ಇನ್ನೆರಡು ಕಡೆಯವರು ಬರಲಿಲ್ಲ.

ರತ್ನ ನನ್ನೊಡನೆ ಮಾತು ಬಿಟ್ಟಳು. ಈ ನುಡಿಯ ಚಂದ ನೋಡಿ: ಕಾಫಿ ಬಿಟ್ಟಂತೆ, ಬೀಡಿ ಬಿಟ್ಟಂತೆ, ಮಾತನ್ನೂ ಬಿಡಬಹುದು, ಆದರೆ ಬೀಡಿ ಬಿಟ್ಟವನು ಗೆಲುವಾಗುತ್ತಾನೆ, ಮಾತು ಬಿಟ್ಟ ಮನೆ ಸೊರಗುತ್ತದೆ. ನನಗೆ ಹೇಳಬೇಕಾದ್ದನ್ನೆಲ್ಲ ಅವಳು ಅವ್ವನ ಮೂಲಕವೋ ಎಮ್ಮೆಯ ಮೂಲಕವೋ ದಾಟಿಸುತ್ತಿದ್ದಳು.

"ಅವ್ವ, ಉಣ್ಣೋರು ತಟ್ಟೆ ಇಕ್ಕೊಳ್ಳಿ ಅನ್ನು."

"ನಂಗ್ಯಾಕ್ ಹೇಳ್ತೀಯೇ, ಅವ್ನಿಗೇನ್ ಕಿವಿ ಇಲ್ವಾ?"

"ಕಿವಿ ಐತೆ. ಬೇಕಾದಾಗ ಬಾಯೇ ಇರಕಿಲ್ಲ."

ಆಮೇಲೆ ಮಳವಳ್ಳಿಯಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರೊಬ್ಬರು ಊರ ಮಾತಿಗೆ ಕಿವಿಗೊಡದೆ ಅವಳನ್ನು ಮದುವೆಯಾದರು. ಸ್ವಿಚ್ಚು ಒತ್ತಿದರೆ ಬೆಳಗುವ ಮನೆಯೂ ಸಿಕ್ಕಿತು. ನನ್ನ ಮನಸ್ಸು ಮಾತ್ರ ಬೆಳಗಲಿಲ್ಲ. ಮಳವಳ್ಳಿಗೆ ಹೋಗುವಾಗೆಲ್ಲ ಮದ್ದೂರಿನಲ್ಲಿ ಬಸ್ಸು ಬದಲಿಸುತ್ತಿದ್ದೆ. ಬದಲಿಸುವಾಗ ಒಂದು ಪೊಟ್ಟಣ ವಡೆ ಕಟ್ಟಿಸುತ್ತಿದ್ದೆ. ಯಾವುದನ್ನು ತಿಂದು ಕೆಟ್ಟೆನೋ ಅದನ್ನೇ ತಿನ್ನಿಸಿ ಸರಿಮಾಡುವ ಹಂಚಿಕೆ. ರತ್ನ ಪೊಟ್ಟಣ ಬಿಚ್ಚಿ, ಎಲ್ಲ ವಡೆಗಳನ್ನೂ ತಟ್ಟೆಗೆ ಹಾಕಿ ನನ್ನ ಮುಂದೆಯೇ ಇಟ್ಟು ಹೋಗುತ್ತಿದ್ದಳು.

ಮೇಷ್ಟ್ರಿಗೆ ನಾನೂ ಭಾವ, ನನಗೆ ಅವರೂ ಭಾವ. ಇಬ್ಬರು ಭಾವಂದಿರೂ ಜಗಲಿಯಲ್ಲಿ ಕೂತು ಪದಗಳ ಭಾವಾರ್ಥಕ್ಕೆ ಕೈಹಾಕುತ್ತಿದ್ದೆವು. ಬ್ಲಫ್ ಎಂದರೆ ಕಡಿದಾದ ದಿಬ್ಬ ಎಂಬ ಅರ್ಥವೂ ಉಂಟು, ಊರಿಗೆ ಒಪ್ಪುವುದು ಆ ಅರ್ಥ, ಸುಳ್ಳಿನ ಬ್ಲಫ್ಫಿಗೂ ದಿಬ್ಬದ ಬ್ಲಫ್ಫಿಗೂ ಸಂಬಂಧವಿದ್ದಂತಿಲ್ಲ ಎಂದು ಅವರೇ ತಿಳಿಸಿದ್ದು. ಇಲ್ಲದ ಸಂಬಂಧವನ್ನು ಕಟ್ಟಹೋಗಿ ಆಗಬೇಕಿದ್ದ ಸಂಬಂಧವನ್ನು ಮುರಿದವನು ನಾನು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನವರು ತನ್ನ ಮಾತನ್ನು ತಾನೇ ತಿನ್ನುವುದು ಎನ್ನುತ್ತಾರಂತೆ. ಅವರು ಆಡಿದ ಮಾತನ್ನು ತಿನ್ನುವವರು. ನಾನು ಆಡದ ಮಾತನ್ನು, ಅದೂ ವಡೆಯ ಜೊತೆ ನಂಜಿಕೊಂಡು, ತಿಂದವನು. ಮಾತು ಬಿಟ್ಟವರು ಸ್ಪೀಕಿಂಗ್ ಟರ್ಮ್ಸಿನಲ್ಲಿ ಇಲ್ಲವೆಂದೂ ಹೇಳುತ್ತಾರಂತೆ. ಟರ್ಮು ಎಂದರೆ ಸ್ಕೂಲಿನದು ಎಂದುಕೊಂಡಿದ್ದ ನಾನು, "ರಜಾ ಯಾವಾಗ ಮುಗೀತದೆ ಮೇಷ್ಟ್ರೇ?" ಎಂದು ಕೇಳಿದೆ. ಅವರು ನಕ್ಕು ಅಡುಗೆಮನೆಯ ಕಡೆ ನೋಡಿದರು.

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ನಿಂತುಕೊಂಡೇ ಹೋಗುವಾಗ, ನೆಲ ಗುಡಿಸುವಷ್ಟು ಅಗಲದ ಬೆಲ್‌ಬಾಟಮ್ ಪ್ಯಾಂಟಿನ ಹುಡುಗನೊಬ್ಬ ನನ್ನ ಕಾಲು ತುಳಿದು "ಸಾರಿ" ಎಂದ. ಇನ್ನೊಂದು ಉಬ್ಬಿಗೆ ಬಸ್ಸು ಎಗರಿತು. ಮತ್ತೆ ತುಳಿದ, ಮತ್ತೆ "ಸಾರಿ" ಎಂದ. ಪಕ್ಕದ ಸೀಟಿನ ಅಜ್ಜಿ, "ಒಂದ್ಸಾರಿ, ಎರಡ್ಸಾರಿ ಅಂತ ಎಣಿಸ್ಕೊಂಡ್ ತುಳೀತೀಯಲ್ಲಾ, ಎಷ್ಟ್ ಸಾರಿಗೆ ಬುಡ್ತೀಯ?" ಎಂದಳು. ಬಸ್ಸೆಲ್ಲ ನಗುತ್ತಿದ್ದಾಗ ನನಗೆ ಹೊಟ್ಟೆಕಿಚ್ಚಾಯಿತು. ಎಷ್ಟು ಸಲೀಸಾಗಿ ಹೇಳಿಬಿಟ್ಟ ಆ ಹುಡುಗ!

ಜಗಲಿಯಲ್ಲಿ ಮೇಷ್ಟ್ರನ್ನು ಆ ಪದದ ಬುಡ ಕೇಳಿದೆ. "ಈಗ ಬಾಯಿ ತುದೀಲಿದೆ ಭಾವ, ಆದ್ರೆ ಅದು ಹುಟ್ಟಿದ್ದು ನೋವಿಂದ. ಹುಣ್ಣಿಗೆ, ನೋಯೋ ಜಾಗಕ್ಕೆ ಸೋರ್ ಅಂತೀವಲ್ಲ, ಅದೇ ಬೇರು. ಸಾರಿ ಅಂದ್ರೆ ನಂಗೆ ನೋಯ್ತಾ ಇದೆ ಅಂತ." ಆಮೇಲೆ ತಮ್ಮ ಹುರುಪಿನಲ್ಲೇ ಮುಂದುವರಿದರು. "ಇನ್ನೊಂದು ಮಜಾ ಕೇಳಿ. ಗಾಸಿಪ್ ಅಂದ್ರೆ ಊರಾಡೋ ಮಾತು ಅಲ್ವಾ? ಮೊದ್ಲು ಅದು ಮಾತೇ ಅಲ್ಲ, ಮನುಷ್ಯರು. ದೇವರ ಮುಂದೆ ಮಗುವಿಗೆ ಹೊಣೆಯಾಗಿ ನಿಂತ ಬಂಧು. ಅದರಲ್ಲಿರೋ ಸಿಪ್ ಅನ್ನೋದು ಹಳೇ ಕಾಲದ ಸಿಬ್, ಬಂಧು ಅಂತ. ಒಡಹುಟ್ಟಿದೋರಿಗೆ ಸಿಬ್ಲಿಂಗ್ ಅಂತಾರಲ್ಲ, ಅಲ್ಲೂ ಇರೋದು ಅದೇ."

ಒಳಗೆ ಪಾತ್ರೆಯ ಸದ್ದು ನಿಂತಿತು. ರತ್ನ ವಡೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. "ಸರಿಯಾಗೈತೆ ಬುಡಿ," ಎಂದಳು ಗಂಡನಿಗೆ. "ಊರೋರ್ ಆಡಿದ್ ನಂಗೆ ಯಾವತ್ತೂ ನೋಯ್ಲಿಲ್ಲ. ಬ್ಲಫ್ ಹೋದ್ರೆ ಹೋಯ್ತು. ಒಡಹುಟ್ಟಿದೋರು ಪಕ್ಕದಲ್ ಕೂತ್ಕೊಂಡು ಟೀ ಕುಡುದ್ರಲ್ಲ, ಅದು ನೋಯ್ತು."

ಟೀ ಅಂಗಡಿಯ ಸುದ್ದಿ ಅವಳಿಗೆ ಗೊತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅವಳು ತಟ್ಟೆಯನ್ನು ಎಂದಿನಂತೆ ನನ್ನ ಮುಂದಿಟ್ಟಳು. ಇಂಗ್ಲಿಷಿನ ಪದ ನಾಲಗೆಯ ತುದಿವರೆಗೆ ಬಂತು. ಎರಡಕ್ಷರದ್ದು, ಹಗುರ, ಬಸ್ಸಿನಲ್ಲೇ ಸಿಗುವಂಥದು. ಅದನ್ನು ಅಲ್ಲೇ ಬಿಟ್ಟೆ. ಎಂದೋ ದೊಡ್ಡಪ್ಪ ಹೇಳಿಕೊಟ್ಟ ಮಾತು ಇನ್ನೂ ಒಳಗೆ ಹಾಗೇ ಕೂತಿತ್ತು, ಅಗಿದೂ ಕರಗದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಬಾಯಿ ಖಾಲಿಯಿತ್ತು.

"ತಪ್ಪಾಯ್ತು ಕಣವ್ವ ರತ್ನ. ಬಾಯಿ ಜಾಸ್ತಿಯಾಗಿದ್ದು ನಂದು, ನಿಂದಲ್ಲ ಅಂತ ಅವತ್ತೇ ಅವ್ರಿಗೆ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ತಪ್ಪಾಯ್ತು."