ಹರಿಹರವನ್ನೇ ಮುಚ್ಚಿದ ಅಜೋಲಾ

ಆಗ ನಾನು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ಹರಿಹರದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಶಾಹಿದಾ ಮೇಡಂ ಬಂದರು. ಭತ್ತದ ಗದ್ದೆಗೆ ಗೊಬ್ಬರವಾಗುವ ಅಜೋಲಾ ಎಂಬ ನೀರುಸಸ್ಯವನ್ನು ಅಲ್ಲಿನ ತಮ್ಮ ಮನೆಯ ಮಾಳಿಗೆಯ ತೊಟ್ಟಿಯಲ್ಲಿ ಬೆಳೆಸಿ, ದಿನವೂ ತೂಕ ಹಾಕಿದ್ದರು. ಮರುದಿನ ನಂದಿಗುಡಿಯ ರೈತರಿಗೆ ಅದು ಬೆಳೆದ ಗೆರೆಯನ್ನು ಗ್ರಾಫಿನಲ್ಲಿ ತೋರಿಸಬೇಕಿತ್ತು.

ಎಕ್ಸೆಲ್‌ನಲ್ಲಿ ಅಂಕಿ ತುಂಬಿ ದಿನಕ್ಕೆ ಎಷ್ಟು ಪಟ್ಟು ಬೆಳೆಯಿತೆಂದು ಲೆಕ್ಕ ಹಿಡಿಯುವ ಗ್ರೋತ್ ಫಂಕ್ಷನ್ ಹಾಕಿದೆ. ಬಂದದ್ದು ಬರೀ ಎರರ್. ಮೇಡಂ ಮುಖ ಬಾಡಿತು.

“ಹಂಗಾರೆ ನನ್ನ ಅಜೋಲಾ ಬೆಳೆದೇ ಇಲ್ಲೇನ್ರಿ?”

ಮೊದಲ ಸಾಲಿನಲ್ಲಿ ಸೊನ್ನೆ ಕಂಡಿತು. “ಇದೇನ್ ಮೇಡಂ?”

“ಅಜೋಲಾ ಬಿಡೋಕ್ ಮುಂಚೆ ತೊಟ್ಟಿ ಖಾಲಿ ಇತ್ತಲ್ರಿ, ಅದ್ನೂ ಬರೆದೀನಿ. ಸುಳ್ಳು ಹೇಳಬಾರ್ದು ನೋಡ್ರಿ.”

“ಸೊನ್ನೆ ಎಷ್ಟ್ ಪಟ್ಟಾದ್ರೂ ಸೊನ್ನೇನೇ ಮೇಡಂ. ಈ ಲೆಕ್ಕಕ್ಕೆ ಶುರುವಿಗೆ ಒಂದು ಹಿಡಿಯಾದ್ರೂ ಬೇಕು.”

ಆ ಸಾಲು ತೆಗೆದೆ. ಗೆರೆ ಅವರ ಚುಕ್ಕೆಗಳನ್ನು ಸವರಿಕೊಂಡೇ ಸರ್ರನೆ ಮೇಲೇರಿತು. ಮೇಡಂ ಚಪ್ಪಾಳೆ ತಟ್ಟಿ, “ಮುಂದಿಂದೂ ಹೇಳತೈತಾ?” ಎಂದರು. ಹುರುಪಿನಲ್ಲಿ ತಿಂಗಳುಗಟ್ಟಲೆ ಮುಂದಕ್ಕೆ ಎಳೆದೆ. ಲೆಕ್ಕದ ಪ್ರಕಾರ ಅಜೋಲಾ ಹರಿಹರವನ್ನು ಮುಚ್ಚಿ, ದಾರಿಯ ಬಾತಿ ಊರನ್ನೂ ದಾಟಿ, ನಮ್ಮ ಬಾಗಿಲಿಗೇ ಬಂದಿತ್ತು! ತೊಟ್ಟಿಗೆ ಗೋಡೆ ಇದೆಯೆಂದು ಎಕ್ಸೆಲ್‌ಗೆ ಯಾರು ಹೇಳಬೇಕು? ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ವಾರದ ಮೇಲೆ ಮೇಡಂ ಮತ್ತೆ ಬಂದರು. ರೈತರು ಗೆರೆ ನೋಡಿ ತಲೆದೂಗಿ, ತೋರಿಸಲು ಒಯ್ದಿದ್ದ ಅಜೋಲಾವನ್ನೆಲ್ಲ ಬೊಗಸೆ ಬೊಗಸೆ ಹಂಚಿಕೊಂಡು ಹೋದರಂತೆ.

“ಈಗ ಅವರ ಗದ್ದೇಲಿ ಬೆಳೀತೈತ್ರಿ!” ಎಂದರು ಖುಷಿಯಿಂದ.

ಅಲ್ಲಿ ಅದನ್ನು ದಿನಾ ತೂಕ ಹಾಕುವವರು ಯಾರೂ ಇರಲಿಲ್ಲ. ಅಜೋಲಾ ಅದಕ್ಕೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.